ಮಕ್ಕಳ ಜೊತೆ ಎರಡು ದಿನದ ಬೆಂಗಳೂರು: ಮೊದಲು ನಿದ್ದೆ, ಆಮೇಲೆ ಲಾಲ್‌ಬಾಗ್

ಶನಿವಾರ, ಭಾನುವಾರ ಬೆಂಗಳೂರು ಸುತ್ತಿ ಬಂದ ಮಕ್ಕಳು ಸೋಮವಾರ ನಮ್ಮ ಕ್ಲಿನಿಕ್ಕಿಗೆ ಬರುವುದು ಮಾಮೂಲು. ವಾಂತಿ, ಮೈ ಬಿಸಿ, ಊಟ ಬೇಡ ಅನ್ನುವ ಹಟ. 'ನೀರು ಬದಲಾಯ್ತಲ್ಲ ಡಾಕ್ಟ್ರೇ, ಅದಕ್ಕೇ' ಅನ್ನುತ್ತಾರೆ ಅಜ್ಜಿಯರು. ಕೆಲವು ಸಲ ಅದು ನಿಜವೂ ಹೌದು. ಆದರೆ ಮಗು ಎಷ್ಟು ಹೊತ್ತು ಮಲಗಿತ್ತು, ಎಷ್ಟು ಗಂಟೆಗೆ ಉಂಡಿತ್ತು ಅಂತ ಕೇಳಿದರೆ, ಬಹಳ ಸಲ ತೊಂದರೆ ಶುರುವಾಗಿರುವುದು ಹೊರಟ ರಾತ್ರಿಯೇ.

ದಾವಣಗೆರೆ, ಹುಬ್ಬಳ್ಳಿ, ಶಿವಮೊಗ್ಗ ಕಡೆಯವರು ಶುಕ್ರವಾರ ರಾತ್ರಿ ಸ್ಲೀಪರ್ ಬಸ್ ಹತ್ತುತ್ತಾರೆ. ರಜೆ ಹಾಕಬೇಕಿಲ್ಲ, ಒಂದು ರಾತ್ರಿಯ ರೂಮ್ ಬಾಡಿಗೆಯೂ ಉಳಿಯುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಬಸ್ಸು ಮೆಜೆಸ್ಟಿಕ್ ಮುಟ್ಟುವುದು ಇನ್ನೂ ಕತ್ತಲಿರುವಾಗ. ಗಾಢ ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸಿ, ಬ್ಯಾಗ್ ಹೊತ್ತು ಇಳಿಯಬೇಕು. ಹೆಚ್ಚಿನ ಲಾಡ್ಜ್‌ಗಳಲ್ಲಿ ರೂಮ್ ಸಿಗುವುದು ಮಧ್ಯಾಹ್ನ ಹನ್ನೆರಡಕ್ಕೆ. ಅಲ್ಲಿಯವರೆಗೆ ಏನು ಮಾಡುವುದು? ಕಾಫಿ ಕುಡಿದು ನೇರ ಲಾಲ್‌ಬಾಗ್‌ಗೆ ಹೋಗುತ್ತಾರೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಒಂದೆರಡು ವರ್ಷದವರಿಗೆ 11ರಿಂದ 14 ಗಂಟೆ. ಪ್ರವಾಸ ಶುರುವಾಗುವ ಮೊದಲೇ ಅದರಲ್ಲಿ ಅರ್ಧ ಹೋಗಿರುತ್ತದೆ.

ಹಾಗಾಗಿ ನನ್ನ ಮೊದಲ ಸಲಹೆ ಇದು. ಸಾಧ್ಯವಿದ್ದರೆ ಶನಿವಾರ ಬೆಳಗ್ಗೆ ಹೊರಡಿ. ಅರ್ಧ ದಿನ ಕಳೆದರೂ ಪರವಾಗಿಲ್ಲ. ರಾತ್ರಿ ಪ್ರಯಾಣವೇ ಅನಿವಾರ್ಯವಾದರೆ, ಬೆಳಗ್ಗೆಯೇ ರೂಮ್ ಕೊಡುತ್ತಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ, ಸ್ವಲ್ಪ ಜಾಸ್ತಿ ದುಡ್ಡು ಕೇಳಿದರೂ ಕೊಡಿ. ರೈಲಿನಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಆದರೆ ಪ್ರತ್ಯೇಕ ಸೀಟೂ ಸಿಗುವುದಿಲ್ಲ. ಸೀಟು ಬೇಕೆಂದರೆ ಪೂರ್ತಿ ಟಿಕೆಟ್ ತೆಗೆಸಬೇಕು. ದೂರದ ದಾರಿಯಾದರೆ ತೆಗೆಸಿ. ಮಗು ಕಾಲು ಚಾಚಿ ಮಲಗಿದರೆ ನಿಮಗೂ ಎರಡು ಗಂಟೆ ನೆಮ್ಮದಿ.

ದಣಿದ ಮಗು ತಾನಾಗಿ ಸುಮ್ಮನಾಗುತ್ತದೆ ಅಂದುಕೊಳ್ಳಬೇಡಿ. ನಿದ್ದೆಯ ಹೊತ್ತು ಮೀರಿದರೆ ಎಷ್ಟೋ ಮಕ್ಕಳು ಇನ್ನೂ ಜಾಸ್ತಿ ಓಡುತ್ತವೆ, ಕಿರುಚುತ್ತವೆ. ಸಂಜೆ ಐದರ ಹೊತ್ತಿಗೆ ಚರ್ಚ್ ಸ್ಟ್ರೀಟ್ ನಡುವೆ ನೆಲಕ್ಕೆ ಬಿದ್ದು ಹೊರಳಾಡುವ ಮಗು ಬಲೂನಿಗಾಗಿ ಅಳುತ್ತಿದೆ ಅಂತ ನಮಗೆ ಕಾಣುತ್ತದೆ. ಅದಕ್ಕೆ ಬೇಕಾಗಿದ್ದದ್ದು ಮಧ್ಯಾಹ್ನದ ನಿದ್ದೆ. ಅಲ್ಲಿ ಬೈದು, ಹೊಡೆದು ಪ್ರಯೋಜನವಿಲ್ಲ. ಎತ್ತಿಕೊಂಡು ರೂಮಿಗೆ ಹೋಗಿ.

ಆದ್ದರಿಂದ ಮಧ್ಯಾಹ್ನ ಒಂದರಿಂದ ಮೂರೂವರೆ ಗಂಟೆ ಮಗುವಿಗೆ ಬಿಟ್ಟುಬಿಡಿ. ಬೆಳಗ್ಗೆ ಒಂದು ಜಾಗ, ಸಂಜೆ ಒಂದು ಜಾಗ. ಅಷ್ಟೇ.

ಆ ಒಂದು ಜಾಗ ಯಾವುದು? ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ನನಗೆ ಇಷ್ಟ. ಬೆಳಗ್ಗೆ 9.30ಕ್ಕೆ ತೆರೆಯುತ್ತದೆ. ಬಾಗಿಲು ತೆರೆದಾಗಲೇ ಹೋದರೆ ನೂಕುನುಗ್ಗಲು ಕಡಿಮೆ. ಅಲ್ಲಿ ರೈಟ್ ಸಹೋದರರ ವಿಮಾನದ ನಿಜ ಗಾತ್ರದ ಪ್ರತಿಕೃತಿ ಇದೆ, ದೊಡ್ಡ ದೊಡ್ಡ ಎಂಜಿನ್‌ಗಳಿವೆ. ಆದರೆ ನಾಲ್ಕು ವರ್ಷದ ಮಗು ಒಂದೇ ಬಟನ್ ಒತ್ತಿ, ಚಕ್ರ ತಿರುಗುವುದನ್ನು ನೋಡಿ, ಮತ್ತೆ ಅದನ್ನೇ ಒತ್ತುತ್ತದೆ. 'ಮೇಲೆ ಇನ್ನೂ ಮೂರು ಮಹಡಿ ಇದೆ ಬಾ' ಅಂತ ಎಳೆಯಬೇಡಿ. ಒತ್ತಿದರೆ ಏನಾಗುತ್ತದೆ ಅಂತ ಅದು ತಾನೇ ಪರೀಕ್ಷೆ ಮಾಡುತ್ತಿದೆ. ಇಡೀ ಮ್ಯೂಸಿಯಂ ನೋಡಿದ್ದಕ್ಕಿಂತ ಇದು ದೊಡ್ಡದು. ಹೊರಬಂದರೆ ಪಕ್ಕದಲ್ಲೇ ಕಬ್ಬನ್ ಪಾರ್ಕ್. ಭಾನುವಾರ ಅದರೊಳಗೆ ವಾಹನ ಬಿಡುವುದಿಲ್ಲ, ಮಗುವಿನ ಕೈ ಬಿಟ್ಟು ಓಡಲು ಬಿಡಬಹುದು. ನಮ್ಮ ಊರುಗಳ ರಸ್ತೆಯಲ್ಲೂ ಸಿಗದ ಸುಖ ಅದು.

ಲಾಲ್‌ಬಾಗ್‌ನಲ್ಲಿ 1889ರ ಗಾಜಿನ ಮನೆಗಿಂತ ಬಂಡೆಯೇ ಮಕ್ಕಳಿಗೆ ಇಷ್ಟವಾಗುತ್ತದೆ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು, ಹತ್ತಲು ಸುಲಭ. ಬೆಳಗ್ಗೆಯೇ ಹತ್ತಿಸಿ, ಬಿಸಿಲೇರಿದರೆ ಕಾಲು ಸುಡುತ್ತದೆ. ಆಗಸ್ಟ್ ಮತ್ತು ಜನವರಿಯ ಫಲಪುಷ್ಪ ಪ್ರದರ್ಶನದ ಭಾನುವಾರಗಳಿಗೆ ಮಾತ್ರ ಪುಟ್ಟ ಮಕ್ಕಳನ್ನು ಕರೆದೊಯ್ಯಬೇಡಿ. ಆ ಜನಸಂದಣಿಯಲ್ಲಿ ಅವರಿಗೆ ಕಾಣುವುದು ದೊಡ್ಡವರ ಕಾಲು ಮಾತ್ರ. ಬನ್ನೇರುಘಟ್ಟಕ್ಕೆ ಹೋಗುವುದಾದರೆ ಆ ದಿನ ಅದೊಂದೇ. ಮಾಲ್ ಬೇಡ ಅನ್ನುವವನಲ್ಲ ನಾನು. ಮಳೆ ಬಂದರೆ, ಡೈಪರ್ ಬದಲಿಸಬೇಕಾದರೆ, ಸ್ವಚ್ಛ ಶೌಚಾಲಯ ಬೇಕಾದರೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಎಷ್ಟೋ ಮಕ್ಕಳಿಗೆ ಇಡೀ ಪ್ರವಾಸದಲ್ಲಿ ನೆನಪಿರುವುದು ಮೆಟ್ರೋ. 3 ಅಡಿಗಿಂತ ಕಡಿಮೆ ಎತ್ತರದವರಿಗೆ ಟಿಕೆಟ್ ಇಲ್ಲ. ಅಲ್ಲಿ ಎರಡು ಕಡೆ ಎಚ್ಚರ ಬೇಕು. ಒಂದು ಎಸ್ಕಲೇಟರ್. ಮೆತ್ತನೆಯ ರಬ್ಬರ್ ಚಪ್ಪಲಿ ಮೆಟ್ಟಿಲಿಗೂ ಪಕ್ಕದ ಗೋಡೆಗೂ ನಡುವಿನ ಸಂದಿಗೆ ಸಿಕ್ಕಿಕೊಂಡು ಮಕ್ಕಳ ಬೆರಳಿಗೆ ಪೆಟ್ಟಾಗುವುದುಂಟು. ಮಗುವನ್ನು ಮೆಟ್ಟಿಲಿನ ನಡುಮಧ್ಯೆ, ಮುಂದಕ್ಕೆ ಮುಖ ಮಾಡಿ, ಕೈ ಹಿಡಿದು ನಿಲ್ಲಿಸಿ. ಪ್ರವಾಸಕ್ಕೆ ಶೂ ಒಳ್ಳೆಯದು. ಇನ್ನೊಂದು ರೈಲಿನ ಬಾಗಿಲು. ಅದು ಯಾರಿಗೂ ಕಾಯುವುದಿಲ್ಲ. ಮೊದಲು ಒಬ್ಬ ದೊಡ್ಡವರು ಹತ್ತಿ, ನಡುವೆ ಮಕ್ಕಳು, ಕೊನೆಗೆ ಇನ್ನೊಬ್ಬರು. ಸ್ವಲ್ಪ ತಿಳಿಯುವ ಮಗುವಾದರೆ ಮೊದಲೇ ಹೇಳಿಕೊಡಿ: 'ನಾವು ತಪ್ಪಿಸಿಕೊಂಡರೆ ಮುಂದಿನ ಸ್ಟೇಷನ್‌ನಲ್ಲಿ ಇಳಿದು ಅಲ್ಲೇ ನಿಂತುಕೋ, ನಾವು ಬರ್ತೀವಿ.' ಬೆಳಗ್ಗೆ ಹೊರಡುವಾಗ ಮಗುವಿನ ಫೋಟೋ ತೆಗೆದಿಡಿ. ಯಾವ ಬಣ್ಣದ ಅಂಗಿ ಅಂತ ಗಾಬರಿಯಲ್ಲಿ ನೆನಪಾಗುವುದಿಲ್ಲ. ನಿಮ್ಮ ಫೋನ್ ನಂಬರ್ ಅದರ ತೋಳಿನ ಒಳಭಾಗದಲ್ಲಿ ಪೆನ್ನಿನಲ್ಲಿ ಬರೆಯಿರಿ. ತಪ್ಪಿಸಿಕೊಂಡರೆ ತಕ್ಷಣ ಅಲ್ಲಿನ ಸಿಬ್ಬಂದಿಗೆ ಹೇಳಿ, 112ಕ್ಕೆ ಕರೆ ಮಾಡಿ. ಮಕ್ಕಳ ಸಹಾಯವಾಣಿ 1098.

ದಾರಿಯಲ್ಲಿ ವಾಂತಿ ಆಗುವುದು ಎರಡರಿಂದ ಹನ್ನೆರಡು ವರ್ಷದವರಲ್ಲಿ ಜಾಸ್ತಿ. ಕಿವಿಯೊಳಗಿನ ಸಮತೋಲನದ ಅಂಗ 'ಚಲಿಸುತ್ತಿದ್ದೇವೆ' ಅನ್ನುತ್ತದೆ, ಮೊಬೈಲ್ ನೋಡುವ ಕಣ್ಣು 'ಇಲ್ಲ' ಅನ್ನುತ್ತದೆ. ಮೊಬೈಲ್ ತೆಗೆದಿಟ್ಟು ಕಿಟಕಿಯಾಚೆ ದೂರ ನೋಡಲು ಹೇಳಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಮಗು ಮಲಗಲಿ ಅಂತ ವಾಂತಿ ಸಿರಪ್, ಶೀತದ ಸಿರಪ್ ಕೊಡುವ ಅಭ್ಯಾಸ ದಯವಿಟ್ಟು ಬಿಡಿ. ಚೀಲದಲ್ಲಿ ಓಆರ್‌ಎಸ್, ಮಗುವಿನ ತೂಕಕ್ಕೆ ಡಾಕ್ಟರ್ ಬರೆದುಕೊಟ್ಟ ಜ್ವರದ ಔಷಧ, ಥರ್ಮಾಮೀಟರ್, ಒಂದು ಸ್ವೆಟರ್ ಇದ್ದರೆ ಸಾಕು. ಊಟಕ್ಕೆ ಬಿಸಿ ಇಡ್ಲಿ, ಅನ್ನ, ಸುಲಿದು ತಿನ್ನುವ ಬಾಳೆಹಣ್ಣು.

ಊರಿಗೆ ಬಂದ ಮೇಲೆ ಜ್ವರ ಬಂದರೂ ಮಗು ಆಡುತ್ತಾ, ನೀರು ಕುಡಿಯುತ್ತಾ ಇದ್ದರೆ ಒಂದು ದಿನ ನೋಡಬಹುದು. ಆರೇಳು ಗಂಟೆ ಮೂತ್ರ ಮಾಡದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಉಸಿರಾಟ ಜೋರಾದರೆ, ಎಬ್ಬಿಸಿದರೂ ಮಂಕಾಗಿದ್ದರೆ ಕಾಯಬೇಡಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ರಾತ್ರಿಯಾಗಿದ್ದರೂ ಸರಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.