ಬಾಗಿಲ ಹೊರಗೆ ನಿಂತು ಹೇಳಬೇಕಿದ್ದ ತಪ್ಪು

ನಾಲ್ಕನೇ ಶತಮಾನದಲ್ಲಿ ಕೊಲೆಗಾರನಿಗೆ ಚರ್ಚಿನ ಕ್ಷಮೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಇಂದಿನ ಟರ್ಕಿಯ ಕೈಸೇರಿಯಲ್ಲಿ ಬಿಷಪ್ ಆಗಿದ್ದ ಸಂತ ಬೆಸಿಲ್ ಬರೆದಿಟ್ಟ ನಿಯಮದಂತೆ, ಬೇಕೆಂದೇ ಕೊಂದು ಪಶ್ಚಾತ್ತಾಪಪಟ್ಟವನಿಗೆ 20 ವರ್ಷ ಪರಮಪ್ರಸಾದವಿಲ್ಲ, ಅಂದರೆ ಪೂಜೆಯಲ್ಲಿ ಕ್ರಿಸ್ತನ ದೇಹವೆಂದು ಹಂಚುವ ರೊಟ್ಟಿಯಿಲ್ಲ. ಮೊದಲ 4 ವರ್ಷ ಅವನು ಪ್ರಾರ್ಥನಾಮಂದಿರದ ಬಾಗಿಲ ಹೊರಗೆ ನಿಂತು, ತಾನು ಮಾಡಿದ್ದನ್ನು ಬಾಯಿಬಿಟ್ಟು ಹೇಳುತ್ತಾ, ಒಳಗೆ ಹೋಗುವವರನ್ನು ತನಗಾಗಿ ಪ್ರಾರ್ಥಿಸಿರೆಂದು ಬೇಡಬೇಕಿತ್ತು. ಆಮೇಲೆ 5 ವರ್ಷ ಧರ್ಮಗ್ರಂಥದ ವಾಚನ ಕೇಳಿ ಎದ್ದು ಹೋಗಬೇಕು. 7 ವರ್ಷ ನೆಲಕ್ಕೆ ಬಿದ್ದು ಪ್ರಾರ್ಥನೆ. ಕೊನೆಯ 4 ವರ್ಷ ಎಲ್ಲರ ಜೊತೆ ನಿಲ್ಲಬಹುದು, ಪ್ರಸಾದ ಮಾತ್ರ ಮುಟ್ಟುವಂತಿಲ್ಲ.

ಕ್ರೂರ ಎನಿಸಬಹುದು. ಆದರೆ ಸತ್ತವನ ತಾಯಿಯೂ ಅದೇ ಬಾಗಿಲಿನಿಂದ ಒಳಗೆ ಹೋಗುತ್ತಿದ್ದಳಲ್ಲವೇ? ಅಪರಾಧ ಅವಳ ಕಿವಿಗೂ ಬೀಳುತ್ತಿತ್ತು.

ಇಂಥ ಬಹಿರಂಗ ಪ್ರಾಯಶ್ಚಿತ್ತಕ್ಕೆ ಅವಕಾಶವಿದ್ದದ್ದು ಬದುಕಿನಲ್ಲಿ ಒಂದೇ ಸಲ. ಹಾಗಾಗಿ ಜನ ಅದನ್ನು ಸಾಯುವ ಗಳಿಗೆಯವರೆಗೆ ಮುಂದೂಡತೊಡಗಿದರು. ಆರನೇ ಶತಮಾನದ ಹೊತ್ತಿಗೆ ಐರ್ಲೆಂಡಿನ ಸನ್ಯಾಸಿಗಳು ಬೇರೆ ದಾರಿ ತೆರೆದರು: ಒಬ್ಬ ಗುರುವಿನ ಮುಂದೆ ಗುಟ್ಟಾಗಿ ಪಾಪನಿವೇದನೆ, ಪಾಪಕ್ಕೆ ತಕ್ಕ ಉಪವಾಸ, ಬೇಕಾದಷ್ಟು ಸಲ. 1215ರಲ್ಲಿ ರೋಮಿನಲ್ಲಿ ಸೇರಿದ ಬಿಷಪ್‌ಗಳ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಕಡ್ಡಾಯವೆಂದಿತು. ಕೇಳಿದ್ದನ್ನು ಹೊರಗೆಡಹಿದ ಪಾದ್ರಿಯ ಪದವಿ ಕಿತ್ತು, ಜೀವನಪೂರ್ತಿ ಪ್ರಾಯಶ್ಚಿತ್ತಕ್ಕೆ ಮಠದಲ್ಲಿ ಇಡಬೇಕೆಂದೂ ವಿಧಿಸಿತು.

ಗುಟ್ಟಿನ ಪಾಪನಿವೇದನೆ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಉಂಟು. 1860ರಲ್ಲಿ ಇಂಗ್ಲೆಂಡಿನ ರೋಡ್ ಎಂಬ ಹಳ್ಳಿಯಲ್ಲಿ ನಾಲ್ಕು ವರ್ಷವೂ ತುಂಬದ ಬಾಲಕನ ಕೊಲೆಯಾಯಿತು. ಮನೆಯ ದಾದಿಯೂ ಮಗುವಿನ ತಂದೆಯೂ ಶಂಕೆಯ ನೆರಳಿನಲ್ಲೇ ಬದುಕಬೇಕಾಯಿತು. 1865ರಲ್ಲಿ ಮಲಅಕ್ಕ ಕಾನ್‌ಸ್ಟನ್ಸ್ ಕೆಂಟ್ ತಾನೇ ಕೊಂದದ್ದೆಂದು ಲಂಡನ್ನಿನ ನ್ಯಾಯಾಧೀಶರ ಮುಂದೆ ಒಪ್ಪಿಕೊಂಡಳು. ಅವಳ ಪಾಪನಿವೇದನೆ ಕೇಳಿದ್ದ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ) ಪಾದ್ರಿ ಆರ್ಥರ್ ವ್ಯಾಗ್ನರ್ ಜೊತೆಗಿದ್ದರು. ಆಕೆ ತಮ್ಮೊಂದಿಗೆ ಆಡಿದ ಮಾತನ್ನು ಅವರು ಬಿಟ್ಟುಕೊಡಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಗಲ್ಲುಶಿಕ್ಷೆ ಜೀವಾವಧಿಗೆ ಇಳಿಯಿತು. 20 ವರ್ಷ ಸೆರೆವಾಸ ಮುಗಿಸಿ ಆಸ್ಟ್ರೇಲಿಯಾಕ್ಕೆ ಹೋದ ಆಕೆ ನರ್ಸ್ ಆಗಿ ದುಡಿದು, 1944ರಲ್ಲಿ, ನೂರನೇ ವಯಸ್ಸಿನಲ್ಲಿ ತೀರಿಕೊಂಡಳು. ಕ್ಷಮೆಯೂ ಶಿಕ್ಷೆಯೂ ಒಂದಕ್ಕೊಂದು ಅಡ್ಡಬರದ ಈ ಬದುಕು ನನ್ನನ್ನು ಮತ್ತೆ ಮತ್ತೆ ಕಾಡುತ್ತದೆ.

ಅದೇ ಆಸ್ಟ್ರೇಲಿಯಾದಲ್ಲಿ ಕ್ವೀನ್ಸ್‌ಲ್ಯಾಂಡಿನ ಪಾದ್ರಿಯೊಬ್ಬ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದನ್ನು 25 ವರ್ಷಗಳಲ್ಲಿ ಸುಮಾರು 30 ಪಾದ್ರಿಗಳ ಬಳಿ 1,500 ಸಲ ನಿವೇದಿಸಿಕೊಂಡಿದ್ದಾಗಿ ಪ್ರಮಾಣಪತ್ರ ಸಲ್ಲಿಸಿದ. ಪ್ರತಿ ಸಲವೂ ಗುಟ್ಟು ಗುಟ್ಟಾಗಿಯೇ ಉಳಿಯಿತು. ಆ ಮಕ್ಕಳನ್ನು ಕೇಳಿದವರು ಯಾರು? 2017ರಲ್ಲಿ ವರದಿ ಕೊಟ್ಟ ಅಲ್ಲಿನ ರಾಯಲ್ ಕಮಿಷನ್ ಎಂಬ ಸರ್ಕಾರಿ ತನಿಖಾ ಆಯೋಗ, ಇಂಥ ಮಾಹಿತಿಯನ್ನು ಪೊಲೀಸರಿಗೆ ತಿಳಿಸುವುದರಿಂದ ಪಾಪನಿವೇದನೆಗೂ ವಿನಾಯಿತಿ ಬೇಡ ಎಂದಿತು. 2020ರಲ್ಲಿ ಕ್ವೀನ್ಸ್‌ಲ್ಯಾಂಡ್ ಹಾಗೆಯೇ ಕಾನೂನು ಮಾಡಿತು.

ಕ್ಯಾಥೊಲಿಕ್ ಚರ್ಚಿನ ಕೇಂದ್ರವಾದ ವ್ಯಾಟಿಕನ್ ಒಪ್ಪಿಲ್ಲ. ಪಾಪಕ್ಷಮೆಗೆ ಷರತ್ತಾಗಿ ಪೊಲೀಸರಿಗೆ ಶರಣಾಗು ಎಂದು ಕಟ್ಟುಪಾಡು ಹಾಕುವಂತಿಲ್ಲವೆಂದು 2019ರ ಅದರ ಟಿಪ್ಪಣಿ ಹೇಳುತ್ತದೆ. ಮಂಗಳೂರಿನ ಕ್ಯಾಥೊಲಿಕ್ ಚರ್ಚಿನಲ್ಲಿ ಪಾಪನಿವೇದನೆಗೆ ಮಂಡಿಯೂರುವವನಿಗೂ ಅದೇ ನಿಯಮ. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ನಮ್ಮ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಅಂಥ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ಹೇಳಲೇಬೇಕು. ಪಾದ್ರಿಗೆ ವಿನಾಯಿತಿಯೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ.