ಬ್ಲಾಕ್ ಟೈಮ್: ಗಾಲಿಗೆ ಕಲ್ಲು ಕೊಡುವ ಲೆಕ್ಕ

‘ಲಂಡನ್ನಿನ ಹೀಥ್ರೂದಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹಾರಾಟದ ಅವಧಿ 2 ಗಂಟೆ 20 ನಿಮಿಷ, ವಾಪಸ್ ಬರಲು ಬರೀ 20 ನಿಮಿಷ.’ ಇಂಥ ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಟಿಕೆಟ್ಟಿನ ಎರಡು ಸಮಯಗಳನ್ನು ಹಾಗೇ ಕಳೆದರೆ ಬರುವ ಉತ್ತರ ಇದು. ಎರಡೂ ಆಯಾ ಊರಿನ ಗಡಿಯಾರದ ಸಮಯ, ಆಮ್‌ಸ್ಟರ್‌ಡ್ಯಾಮ್ ವರ್ಷವಿಡೀ ಲಂಡನ್ನಿಗಿಂತ ಒಂದು ಗಂಟೆ ಮುಂದು. ಹೋಗುವಾಗ ಆ ಗಂಟೆ ಕಳೆಯಿರಿ, ಬರುವಾಗ ಕೂಡಿಸಿ. ಎರಡೂ ಕಡೆ 1 ಗಂಟೆ 20 ನಿಮಿಷದ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಅದೂ ಹಾರಾಟದ ಹೊತ್ತಲ್ಲ, ಬ್ಲಾಕ್ ಟೈಮ್. ಇಲ್ಲಿ ‘ಬ್ಲಾಕ್’ ಎಂದರೆ ನಿಂತ ವಿಮಾನದ ಚಕ್ರಕ್ಕೆ ಹಿಂದೆ ಮುಂದೆ ಒತ್ತಿ ಇಡುವ ದಿಮ್ಮಿ. ಏರಿನಲ್ಲಿ ಲಾರಿ ನಿಂತರೆ ಕ್ಲೀನರ್ ಇಳಿದು ಗಾಲಿಗೆ ಕಲ್ಲು ಕೊಡುತ್ತಾನಲ್ಲ, ಅದೇ ಕೆಲಸ. ದಿಮ್ಮಿ ತೆಗೆದದ್ದು ‘ಆಫ್ ಬ್ಲಾಕ್ಸ್’, ಮತ್ತೆ ಇಟ್ಟದ್ದು ‘ಆನ್ ಬ್ಲಾಕ್ಸ್’, ನಡುವಿನದೆಲ್ಲ ಬ್ಲಾಕ್ ಟೈಮ್. ಈಗಿನ ವಿಮಾನಗಳು ನಾಲ್ಕು ಗಳಿಗೆಗಳನ್ನು ತಾವಾಗಿಯೇ ದಾಖಲಿಸಿ ಕಳಿಸುತ್ತವೆ: ಬ್ರೇಕ್ ಬಿಟ್ಟು ಕದಲಿದ್ದು ‘ಔಟ್’, ನೆಲ ಬಿಟ್ಟದ್ದು ‘ಆಫ್’, ನೆಲ ಮುಟ್ಟಿದ್ದು ‘ಆನ್’, ಗೇಟಿನಲ್ಲಿ ನಿಂತದ್ದು ‘ಇನ್’. ನೆಲ ಬಿಟ್ಟ ಈ ‘ಆಫ್’ನಿಂದ ನೆಲ ಮುಟ್ಟಿದ ‘ಆನ್’ವರೆಗಿನದು ಮಾತ್ರ ನಿಜಕ್ಕೂ ಹಾರಿದ ಹೊತ್ತು.

ಗೊಂದಲದ ಬೇರು ಇಂಗ್ಲಿಷಿನಲ್ಲೇ ಇದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ವ್ಯಾಖ್ಯೆಯಲ್ಲಿ ‘ಫ್ಲೈಟ್ ಟೈಮ್’ ಎಂದರೆ ಹಾರಲೆಂದು ವಿಮಾನ ಮೊದಲು ಕದಲಿದ ಗಳಿಗೆಯಿಂದ ಕೊನೆಗೆ ನಿಲ್ಲುವವರೆಗೆ. ಅಂದರೆ ಬ್ಲಾಕ್ ಟೈಮೇ. ಪೈಲಟ್ ತನ್ನ ಲಾಗ್‌ಬುಕ್ಕಿನಲ್ಲಿ ಬರೆಯುವುದೂ ಇದನ್ನೇ. ಅದನ್ನು ‘ಹಾರಾಟದ ಅವಧಿ’ ಎಂದು ಕನ್ನಡಿಸಿದ ಕೂಡಲೇ ನೆಲದ ಮೇಲೆ ಉರುಳಿದ ಹೊತ್ತು ಕಣ್ಮರೆಯಾಗುತ್ತದೆ. ಬ್ಲಾಕ್ ಟೈಮ್ ಅನ್ನು ಹಾಗೇ ಬಿಟ್ಟು, ನಿಜಕ್ಕೂ ಹಾರಿದ ಹೊತ್ತಿಗೆ ‘ಗಾಳಿಯಲ್ಲಿದ್ದ ಹೊತ್ತು’ ಎನ್ನುವುದು ವಾಸಿ.

ಈ ದಾರಿಯಲ್ಲಿ ನೆಲದ ಹೊತ್ತು ಸಣ್ಣದಲ್ಲ. ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ 2003ರಲ್ಲಿ ತೆರೆದ ಪೋಲ್ಡರ್‌ಬಾನ್ ಎಂಬ ರನ್‌ವೇ ಇದೆ. ಅಲ್ಲಿ ಇಳಿದರೆ ಹೆದ್ದಾರಿಯ ಮೇಲಿನ ಸೇತುವೆ ದಾಟಿ ಟರ್ಮಿನಲ್ ಸೇರಲು ಕಾಲು ಗಂಟೆ ಹಿಡಿಯಬಹುದು. ಹೀಥ್ರೂ ಕಡೆ ಬರುವಾಗ ಬೇರೆ ಕಾಟ: ಇಳಿಯಲು ಸರದಿ ಸಿಗುವವರೆಗೆ ಲಂಡನ್ನಿನ ಈಶಾನ್ಯಕ್ಕೆ ಲ್ಯಾಂಬರ್ನ್ ಎಂಬಲ್ಲಿ ಸುತ್ತು ಹಾಕಿಸುತ್ತಾರೆ, ಒಂದು ಸುತ್ತಿಗೆ ಸುಮಾರು 4 ನಿಮಿಷ. ವೇಳಾಪಟ್ಟಿ ಮಾಡುವವರು ಇದಕ್ಕೆಲ್ಲ ಮೊದಲೇ ಜಾಗ ಬಿಟ್ಟಿರುತ್ತಾರೆ. ‘ತಡವಾಗಿ ಹೊರಟರೂ ಸರಿಯಾದ ಸಮಯಕ್ಕೆ ಮುಟ್ಟಿದೆವು’ ಅನ್ನುವುದರ ಹಿಂದೆ ಹೆಚ್ಚಾಗಿ ಇರುವುದು ಈ ಜಾಗವೇ ಹೊರತು ಪೈಲಟ್ ವೇಗ ಹೆಚ್ಚಿಸಿದ್ದಲ್ಲ.

ದೂರದ ಲೆಕ್ಕವೂ ಹಾಗೇ. ಭೂಗೋಳದ ಮೇಲಿನ ಅತಿ ಹತ್ತಿರದ ದಾರಿ ಸುಮಾರು 370 ಕಿ.ಮೀ., ಅಂದರೆ 200 ನಾಟಿಕಲ್ ಮೈಲಿ. ಅದನ್ನು ಗಂಟೆಗೆ 800 ಕಿ.ಮೀ.ಯಿಂದ ಭಾಗಿಸಿ 28 ನಿಮಿಷ ಎನ್ನಬೇಡಿ. ಇಷ್ಟು ಚಿಕ್ಕ ದಾರಿಯಲ್ಲಿ ಏರುವುದು, ಇಳಿಯುವುದರಲ್ಲೇ ಬಹುಪಾಲು ಮುಗಿಯುತ್ತದೆ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ., ಮೀರುವಂತಿಲ್ಲ. ಪಶ್ಚಿಮದ ಗಾಳಿಯಿದ್ದರೆ ಅದಕ್ಕೆ ಎದುರಾಗಿ ಹೀಥ್ರೂದಿಂದ ಪಶ್ಚಿಮಕ್ಕೇ ಎದ್ದು, ಆಮೇಲೆ ಪೂರ್ವಕ್ಕೆ ತಿರುಗಬೇಕು.

ವಿಮಾನ ತಡವಾದದ್ದಕ್ಕೆ ಪರಿಹಾರ ಕೇಳುವವರಿಗೆ ಇನ್ನೊಂದು ಗಳಿಗೆ ಮುಖ್ಯ. ಐರೋಪ್ಯ ಒಕ್ಕೂಟದ ನ್ಯಾಯಾಲಯ 2014ರಲ್ಲಿ ಹೇಳಿದಂತೆ, ವಿಮಾನ ‘ತಲುಪಿತು’ ಎನ್ನುವುದು ಚಕ್ರ ನೆಲ ಮುಟ್ಟಿದಾಗಲೂ ಅಲ್ಲ, ಗೇಟಿನಲ್ಲಿ ನಿಂತಾಗಲೂ ಅಲ್ಲ. ಪ್ರಯಾಣಿಕರು ಇಳಿಯಲು ಒಂದು ಬಾಗಿಲಾದರೂ ತೆರೆದಾಗ. ಪರಿಹಾರಕ್ಕೆ ಬೇಕಾದ ಮೂರು ಗಂಟೆಯ ತಡವನ್ನು ಎಣಿಸುವುದು ಆ ಬಾಗಿಲಿನವರೆಗೆ.