ಕೋವಿ ಮಗನಿಗೆ ಬರುತ್ತದೆ, ಲೈಸೆನ್ಸ್ ಬರುವುದಿಲ್ಲ

ಕೇಂದ್ರ ಸರ್ಕಾರ ಆಯುಧ ಕಾಯ್ದೆಗೆ ಮತ್ತೆ ಕೈಹಾಕಿದೆ ಎಂಬ ಸುದ್ದಿ ಹಬ್ಬಿದರೆ ಸಾಕು, ನನ್ನ ಕಚೇರಿಯ ಫೋನು ಬಿಡುವು ಕೊಡುವುದಿಲ್ಲ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಎಲ್ಲ ಕಡೆಯ ಬೆಳೆಗಾರರದ್ದೂ ಒಂದೇ ಪ್ರಶ್ನೆ: "ಲಾಯರೇ, ಈ ಸಲ ಕೋವಿ ಹೋಯ್ತಾ?"

ಈ ಅನುಮಾನಕ್ಕೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. 1983ರ ತಿದ್ದುಪಡಿ ಒಬ್ಬರಿಗೆ ಮೂರು ಕೋವಿ ಎಂದು ಮಿತಿ ಹಾಕಿತು. 2019ರಲ್ಲಿ ಅದು ಎರಡಕ್ಕೆ ಇಳಿಯಿತು. ಅದೂ ಮಸೂದೆ ಬಂದಾಗ ಒಂದೇ ಎಂದಿತ್ತು. ಆಕ್ಷೇಪ ಬಂದ ಮೇಲೆ ಎರಡಾಯಿತು. "ಮೂರು ಹೋಗಿ ಎರಡು, ಎರಡು ಹೋಗಿ ಒಂದು, ಆಮೇಲೆ ಸೊನ್ನೆ" ಎಂದು ಹಿರಿಯ ಬೆಳೆಗಾರರೊಬ್ಬರು ನನ್ನ ಮೇಜಿನ ಮೇಲೆ ಬೆರಳಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಅದರ ಮೇಲೆ ಚುನಾವಣೆ ಬಂದಾಗಲೆಲ್ಲ ಕೋವಿ ಹೊತ್ತು ಠಾಣೆಗೆ ಹೋಗಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕಿಬಿದ್ದವರು, ಮುಖ್ಯವಾಗಿ ಇಂಥವರ ಕೋವಿಯನ್ನು ಪರಿಶೀಲನಾ ಸಮಿತಿಯ ಮೂಲಕ ಗುರುತಿಸಿ ಠೇವಣಿ ಇಡಿಸಿಕೊಳ್ಳಿ ಎನ್ನುತ್ತದೆ ಚುನಾವಣಾ ಆಯೋಗದ ಸೂಚನೆ. ಊರಿನಲ್ಲಿ ಬಹಳ ಸಲ ಎಲ್ಲರಿಗೂ ಒಂದೇ ನೋಟಿಸ್ ಬರುತ್ತದೆ. ಕೋವಿ ಠಾಣೆಯಲ್ಲಿ ಕೂತ ತಿಂಗಳಲ್ಲೇ ಹಂದಿ ಬಂದು ಗದ್ದೆ ಉತ್ತು ಹೋದರೆ ಯಾವ ರೈತನಿಗೆ ಸಿಟ್ಟು ಬರುವುದಿಲ್ಲ?

ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನಲ್ಲಿ ಜನ ಮಾಡುವ ಕೆಲಸ ಮಾತ್ರ ನನ್ನ ತಾಳ್ಮೆ ಕೆಡಿಸುತ್ತದೆ. ಸರ್ಕಾರದ ಕಣ್ಣಿಗೆ ಬೀಳುವುದೇ ಬೇಡ ಎಂದು ಸುಮ್ಮನೆ ಕೂರುತ್ತಾರೆ. ನವೀಕರಣಕ್ಕೆ ಹೋಗುವುದಿಲ್ಲ. ಲೈಸೆನ್ಸನ್ನು ರಾಷ್ಟ್ರೀಯ ದತ್ತಾಂಶಕ್ಕೆ ಸೇರಿಸಿ ಯುಐಎನ್ ಎಂಬ ವಿಶಿಷ್ಟ ಗುರುತಿನ ನಂಬರ್ ಹಾಕಿಸಿಕೊಳ್ಳಿ, ಅದಿಲ್ಲದ ಲೈಸೆನ್ಸ್ ಊರ್ಜಿತವಲ್ಲ ಎಂದು ಸರ್ಕಾರ ಹೇಳಿ, ಗಡುವನ್ನು ಮತ್ತೆ ಮತ್ತೆ ಮುಂದೂಡಿದರೂ ಕೆಲವರು ಹೋಗಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಅಪ್ಪ ತೀರಿಕೊಂಡ ಮೇಲೂ ಆ ಕೋವಿಯನ್ನು ಅಟ್ಟದ ಮೇಲೆ ಹಾಗೇ ಬಿಡುತ್ತಾರೆ.

ಇದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಕಾರಣ ಬಿಡಿಸಿ ಬರೆಯುತ್ತೇನೆ. ಕೋವಿ ಆಸ್ತಿ. ಅಪ್ಪನ ನಂತರ ವಾರಸುದಾರರಿಗೆ ಬರುತ್ತದೆ, ಸರಿ. ಲೈಸೆನ್ಸ್ ಆಸ್ತಿಯಲ್ಲ. ಅದು ಜಿಲ್ಲಾಧಿಕಾರಿಯವರು ನಿಮ್ಮ ಅಪ್ಪನ ಹೆಸರಿಗೆ, ಅವರನ್ನು ವಿಚಾರಿಸಿ ಕೊಟ್ಟ ಅನುಮತಿ. ಅಪ್ಪನ ಜೀಪು ನಿಮಗೆ ಬರುತ್ತದೆ, ಅಪ್ಪನ ಡ್ರೈವಿಂಗ್ ಲೈಸೆನ್ಸ್ ಬರುವುದಿಲ್ಲವಲ್ಲ, ಹಾಗೆ. ಅವರು ಕಣ್ಣು ಮುಚ್ಚಿದ ದಿನವೇ ಆ ಅನುಮತಿ ಮುಗಿಯಿತು. ಪುಸ್ತಕದಲ್ಲಿ ಇನ್ನೂ ಮೂರು ವರ್ಷ ಅವಧಿ ಉಳಿದಿದೆ ಎಂದು ತೋರಿಸುತ್ತೀರಿ. ಆ ಅವಧಿ ಅವರದ್ದು, ನಿಮ್ಮದಲ್ಲ. ನೀವು ಆ ಕೋವಿಯಿಂದ ಒಂದು ಈಡೂ ಹೊಡೆದಿಲ್ಲ ಎನ್ನುತ್ತೀರಿ. ಕಾಯ್ದೆಯ 3ನೇ ಸೆಕ್ಷನ್ ಕೇಳುವುದು ಕೋವಿ ಯಾರ ವಶದಲ್ಲಿದೆ ಎಂದು, ಹೊಡೆದವರು ಯಾರು ಎಂದಲ್ಲ. 2019ರ ನಂತರ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಮೊದಲು ಇದು 1ರಿಂದ 3 ವರ್ಷವಿತ್ತು. ವಿಶೇಷ ಕಾರಣ ದಾಖಲಿಸಿ ಶಿಕ್ಷೆ ಇಳಿಸುವ ಅವಕಾಶ ನ್ಯಾಯಾಲಯಕ್ಕಿದೆ, ಆದರೆ ಅದನ್ನು ನಂಬಿಕೊಂಡು ಯಾರೂ ಕೂರಬಾರದು.

ಕೊಪ್ಪದ ಕಡೆಯ ಒಬ್ಬ ಅಮ್ಮ ಮಕ್ಕಳ ಪಾಲಿನ ವಿಚಾರಕ್ಕೆ ಬಂದಿದ್ದರು. ಪಾಲುಪಟ್ಟಿ ಆಗಲೇ ಬರೆದು ತಂದಿದ್ದರು. ತೋಟ, ಗದ್ದೆ, ಅಡಿಕೆ ಸುಲಿಯುವ ಯಂತ್ರ, ಅದರ ಕೆಳಗೆ "ಡಿಬಿಬಿಎಲ್ ಕೋವಿ ಒಂದು, ಹಿರಿಯವನಿಗೆ". ಯಜಮಾನರು ಹೋಗಿ ವರ್ಷಗಳಾಗಿದ್ದವು. ಜೋಡಿ ನಳಿಗೆಯ ಆ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಅಟ್ಟದಲ್ಲಿಟ್ಟು, ಪ್ರತಿ ಆಯುಧಪೂಜೆಗೆ ಇಳಿಸಿ, ಎಣ್ಣೆ ಹಚ್ಚಿ, ಕುಂಕುಮವಿಟ್ಟು ಮತ್ತೆ ಏರಿಸುತ್ತಿದ್ದರು. ಹಿರಿಯ ಮಗ ಬೆಂಗಳೂರಿನಲ್ಲಿ. ಆ ಪಟ್ಟಿ ಹಾಗೇ ನೋಂದಣಿಯಾಗಿದ್ದರೆ ಲೈಸೆನ್ಸ್ ಇಲ್ಲದ ಕೋವಿ ನಮ್ಮ ಮನೆಯಲ್ಲಿದೆ ಎಂದು ಅವರೇ ಸ್ಟಾಂಪು ಕಾಗದದಲ್ಲಿ ಬರೆದುಕೊಟ್ಟಂತಾಗುತ್ತಿತ್ತು. "ಅವರ ನೆನಪು ಅಂತ ಇಟ್ಕೊಂಡಿದ್ದೆ ಮಾರಾಯ್ರೇ, ಸರ್ಕಾರದವರು ತಗೊಂಡು ಹೋದರೆ ಅಂತ ಹೆದರಿ ಹೇಳಲಿಲ್ಲ" ಎಂದರು. ಅವರ ಮೇಲೆ ಸಿಟ್ಟು ಮಾಡಲು ನನಗೆ ಮನಸ್ಸಾಗಲಿಲ್ಲ.

ಹಾಗೆ ಹೆದರುವವರಿಗೆ 21ನೇ ಸೆಕ್ಷನ್ ಓದಿ ಹೇಳುತ್ತೇನೆ. ಇಟ್ಟುಕೊಳ್ಳುವ ಹಕ್ಕು ಮುಗಿದ ಕೋವಿಯನ್ನು ವಿನಾಕಾರಣ ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ್ ಬಳಿ ಠೇವಣಿ ಇಡಬೇಕು. ಇಟ್ಟ ಮಾತ್ರಕ್ಕೆ ಅದು ಸರ್ಕಾರದ್ದಾಗುವುದಿಲ್ಲ. ನಿಮ್ಮ ಹೆಸರಿಗೆ ಲೈಸೆನ್ಸ್ ಆದರೆ ವಾಪಸ್ ಪಡೆಯಬಹುದು, ಬೇಡವಾದರೆ ಅರ್ಹರಿಗೆ ಮಾರಿಸಿ ಹಣ ಪಡೆಯಬಹುದು. ನಿಗದಿತ ಅವಧಿಯೊಳಗೆ ಎರಡನ್ನೂ ಮಾಡದೆ ಕೈಕಟ್ಟಿ ಕೂತರೆ ಆಗ ಜಿಲ್ಲಾಧಿಕಾರಿಯವರ ಆದೇಶದಿಂದ ಮುಟ್ಟುಗೋಲು. ಸರ್ಕಾರ ಕಿತ್ತುಕೊಂಡಿತು ಎಂದು ನನ್ನ ಬಳಿ ಬಂದ ಕಡತಗಳಲ್ಲಿ ಹೆಚ್ಚಿನವು ಹೀಗೆ ಮರೆತು ಬಿಟ್ಟವು.

ಇನ್ನೂ ಒಳ್ಳೆಯ ದಾರಿ ಅಪ್ಪ ಬದುಕಿರುವಾಗಲೇ ಇದೆ. 2016ರ ಆಯುಧ ನಿಯಮಗಳ 25ನೇ ನಿಯಮದಂತೆ, ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ ಅಥವಾ ಅವರು 25 ವರ್ಷ ಆ ಕೋವಿ ಇಟ್ಟುಕೊಂಡಿದ್ದರೆ, ಯಾವುದು ಮೊದಲೋ ಆಗ, ತಾವು ಸೂಚಿಸಿದ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ತೋಟದಲ್ಲಿ ನಿಂತು ದುಡಿಯುವವಳು ಮಗಳಾದರೆ ಅವಳ ಹೆಸರನ್ನೇ ಕೊಡಿ, ದಯವಿಟ್ಟು. ಸಿಕ್ಕೇ ಸಿಗುತ್ತದೆ ಎಂದು ಹೇಳಲಾರೆ. ಪೊಲೀಸ್ ವರದಿ, ಅರ್ಹತೆ ಎಲ್ಲ ನೋಡುತ್ತಾರೆ. ವಾರಸಿನಲ್ಲಿ ಬಂದರೂ ಎರಡರ ಮಿತಿ ಮೀರುವಂತಿಲ್ಲ ಎಂಬುದು 2019ರ ತಿದ್ದುಪಡಿಯಲ್ಲೇ ಇದೆ. ಅದೇ ತಿದ್ದುಪಡಿ ಲೈಸೆನ್ಸ್ ಅವಧಿಯನ್ನು 3ರಿಂದ 5 ವರ್ಷಕ್ಕೆ ಏರಿಸಿದ್ದನ್ನು ಮಾತ್ರ ಯಾರೂ ನೆನಪಿಡುವುದಿಲ್ಲ.

ಕೊಡಗಿನವರ ಪ್ರಶ್ನೆ ಬೇರೆ. ಕೊಡವರಿಗೂ, ಜಮ್ಮಾ ಎಂಬ ಅಲ್ಲಿನ ವಂಶಪಾರಂಪರ್ಯ ಭೂಹಿಡುವಳಿ ಉಳ್ಳವರಿಗೂ ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. 2019ರ ಅಧಿಸೂಚನೆ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಹೀಗೊಂದು ಗಡುವು ಇದೆ ಎಂಬುದೇ ಅಲ್ಲಿನ ಹಿರಿಯರನ್ನು ಕಾಡುತ್ತದೆ. ಆದರೆ ವಿನಾಯಿತಿ ಇರುವುದು ವ್ಯಕ್ತಿಗೆ, ಕೋವಿಗಲ್ಲ, ಜಿಲ್ಲೆಗೂ ಅಲ್ಲ. ಕಾಫಿ ತೋಟದ ಜೊತೆ ಕೋವಿಯನ್ನೂ ಕೊಂಡ ಹೊರಗಿನವರಿಗೆ ಅದು ದಾಟಿ ಬರುವುದಿಲ್ಲ. ಸುಗ್ಗಿ ಹಬ್ಬವಾದ ಪುತ್ತರಿಗೆ ಗುಂಡು ಹಾರಿಸಿದರೂ ಇನ್ನು ಜೈಲಂತೆ ಎಂದು ಕೇಳುತ್ತಾರೆ. 2019ರಲ್ಲಿ ಸೇರಿಸಿದ ಸಂಭ್ರಮದ ಗುಂಡಿನ ಕಲಮಿನಲ್ಲಿ ಇರುವುದು ಇನ್ನೊಬ್ಬರ ಪ್ರಾಣಕ್ಕೆ, ಸುರಕ್ಷತೆಗೆ ಅಪಾಯ ತರುವಂತೆ ಹಾರಿಸಬಾರದು ಎಂದು. ಜನರಿಲ್ಲದ ಕಡೆ, ಜವಾಬ್ದಾರಿ ಬಲ್ಲವರು ಹಾರಿಸುವುದಕ್ಕೂ ಮದುವೆ ಮಂಟಪದ ಮುಂದೆ ಕುಡಿದು ಹಾರಿಸುವುದಕ್ಕೂ ವ್ಯತ್ಯಾಸವಿದೆ. ಆದರೂ ಅಲ್ಲಿನ ಠಾಣೆಯ ಸೂಚನೆ ಕೇಳಿಕೊಂಡೇ ಮಾಡಿ.

ಅಟ್ಟದಲ್ಲಿ ಈಗಲೂ ಕೋವಿ ಇರುವವರು ಅದನ್ನು ಹೆಗಲಿಗೆ ಹಾಕಿಕೊಂಡು ನೇರ ಠಾಣೆಗೆ ಹೊರಡಬೇಡಿ. ಮೊದಲು ವಕೀಲರನ್ನು ನೋಡಿ, ಮರಣ ಪ್ರಮಾಣಪತ್ರ ಮತ್ತು ಹಳೆಯ ಲೈಸೆನ್ಸ್ ಪುಸ್ತಕದ ಪ್ರತಿ ಇಟ್ಟು ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ. ತಡವಾಗಿ ಹೋದವರ ಮೇಲೆ ಕೇಸು ಆಗುವುದೇ ಇಲ್ಲ ಎಂದು ನಾನು ಭರವಸೆ ಕೊಡಲಾರೆ. ತಾನಾಗಿ ಒಪ್ಪಿಸಿದವರಿಗೂ ಶೋಧದಲ್ಲಿ ಸಿಕ್ಕಿಬಿದ್ದವರಿಗೂ ನ್ಯಾಯಾಲಯದಲ್ಲಿ ಅಜಗಜಾಂತರ ಎಂದು ಮಾತ್ರ ಹೇಳಬಲ್ಲೆ. ಠೇವಣಿ ಇಟ್ಟ ಮೇಲೆ ರಸೀದಿ ಪಡೆಯಿರಿ, ಅದರಲ್ಲಿ ಕೋವಿಯ ನಂಬರ್ ಸರಿಯಾಗಿ ಬರೆದಿದ್ದಾರೆಯೇ ಎಂದು ಅಲ್ಲೇ ನಿಂತು ಓದಿ ನೋಡಿ.